ಪ್ಲಸ್ ಅರ್ಥ್

ಸುಂಟಿಕೊಪ್ಪದ ಪೇಟೆ ಮುಗಿಯುವಲ್ಲಿ ನನ್ನ ಶೆಡ್ಡು.
ಜೀಪಿಗೆ ಹಗ್ಗ ಕಟ್ಟಿ ಎಳೆದು ತಂದರು ಅದನ್ನು,
ಐವತ್ನಾಲ್ಕರ ಮೋರಿಸ್ ಮೈನರ್,
ಪಾಚಿ ಬಣ್ಣ, ಬಾನೆಟ್ಟಿನ ಮೇಲೆ ಗೊರವಂಕದ ಹಿಕ್ಕೆ.
ಸ್ಟೇರಿಂಗ್ ಹಿಡಿದು ಕೂತಿದ್ದರು ಪೊನ್ನವ್ವ ಟೀಚರ್,
ಹೈಸ್ಕೂಲಿನಲ್ಲಿ ನನಗೆ ಕನ್ನಡಕ್ಕೆ
ಮೂವತ್ತಮೂರು ಕೊಟ್ಟವರು.

"ಮೂರು ಮಂದಿ ನೋಡಿ ಆಯ್ತು ಹಂಝ,
ನೀನು ನಾಲ್ಕನೆಯವ."

ಮೂವರ ಕುರುಹೂ ಒಳಗಿತ್ತು:
ಹೊಸ ಕಾಯಿಲ್, ಹೊಸ ಪ್ಲಗ್ಗು, ಹೊಸ ಬ್ಯಾಟರಿ,
ಎಲ್ಲಿಂದಲೋ ಬಂದು ಎಲ್ಲಿಗೂ ಹೋಗದ
ಒಂದು ಕೆಂಪು ವಯರು.

ಬ್ಯಾಟರಿ ನೋಡಿ ನಗು ಬಂತು.
ಪ್ಲಸ್ಸನ್ನು ಒಯ್ದು ಬಾಡಿಗೆ ಕೊಟ್ಟಿದ್ದಾರೆ ಪುಣ್ಯಾತ್ಮರು!
ಸ್ಪ್ಯಾನರ್ ಎತ್ತಿದೆ.
"ಮುಟ್ಟಬೇಡ. ಇದರಲ್ಲಿ ಪ್ಲಸ್ಸೇ ಮಣ್ಣಿಗೆ.
ಅಪ್ಪ ಅಲ್ಲಿ ಬರೆದಿಟ್ಟಿದ್ದಾರೆ, ಒರೆಸಿ ನೋಡು."
ಒರೆಸಿದೆ. ಬರೆದಿತ್ತು.
ನಲವತ್ತು ವರ್ಷದ ನನ್ನ ಕಸುಬು
ಸ್ಪ್ಯಾನರ್ ಸಮೇತ ಜೇಬಿಗೆ ಹೋಯಿತು.

ಕೀಲಿ ತಿರುಗಿಸಿದರೆ ಪೆಟ್ರೋಲ್ ಪಂಪು
ಟಿಕ್ ಟಿಕ್ ಟಿಕ್ ಅಂದು ಸುಮ್ಮನಾಯಿತು,
ಪಾಠ ಒಪ್ಪಿಸಿ ಕೂತ ಹುಡುಗಿಯ ಹಾಗೆ.
ಅದರ ತಂಟೆ ಬೇಡ.
ಸ್ಟಾರ್ಟರಿನ ಗುಂಡಿ ಎಳೆದೆ:
ಹೆಡ್‌ಲೈಟು ಸಂತೆಯ ಮೀನಿನ ಕಣ್ಣಾಯಿತು,
ಇಂಜಿನ್ನು ಒಮ್ಮೆ ಮುಲುಕಿ ಮತ್ತೆ ಮಲಗಿತು.

ಬಿಚ್ಚುವ ಮೊದಲು ಮುಟ್ಟು, ಅನ್ನುತ್ತಿದ್ದರು ಪೋಕರ್ ಕಾಕ,
ಮುಟ್ಟುವ ಮೊದಲು ಮೂಸು.
ಮೂಸಿದೆ. ಡೈನಮೋ ಅಲ್ಲ. ಕಾಯಿಲ್ ಅಲ್ಲ.
ಚೋಕಿನ ತಂತಿ!
ಮುಟ್ಟಿದರೆ ಬೆರಳು ಚುರ್ ಅಂತು.

"ಅರ್ಥ್ ಸಿಗ್ತಾ ಇಲ್ಲ ಟೀಚರ್."
"ಅರ್ಥ ಸಿಗುವುದಲ್ಲ, ಆಗುವುದು."
"ಇದು ಸಿಗುವುದೇ ಟೀಚರ್, ತಾಮ್ರದ್ದು, ಜಡೆಯ ಹಾಗಿರುತ್ತದೆ."

ಗಾಡಿಯ ಕೆಳಗೆ ತೂರಿದೆ.
ರಬ್ಬರಿನ ಮೇಲೆ ಕೂತ ಇಂಜಿನ್ನು;
ಗೇರ್‌ಬಾಕ್ಸಿನಿಂದ ಬಾಡಿಗೆ ಇರಬೇಕಾದ ಜಡೆ
ಹರಿದು ಯಾವ ಕಾಲವೋ, ಎರಡೆಳೆ ಉಳಿದಿತ್ತು, ಹಸಿರುಗಟ್ಟಿ.
ಹೋದ ಕರೆಂಟಿಗೆ ಮರಳಲು ಬಾಗಿಲಿಲ್ಲದೆ
ಚೋಕಿನ ಸಣ್ಣ ತಂತಿಯಲ್ಲೇ ನುಗ್ಗುತ್ತಿತ್ತು,
ಮದುವೆಯ ದಿಬ್ಬಣವೆಲ್ಲ ಬಚ್ಚಲ ಬಾಗಿಲಲ್ಲಿ ನುಗ್ಗಿದ ಹಾಗೆ.

ಗುಜರಿಯಲ್ಲಿ ಕಾಫಿ ಪಲ್ಪರಿನ ಸತ್ತ ಮೋಟಾರಿತ್ತು.
ಅದರ ಜಡೆ ಕತ್ತರಿಸಿದೆ. ಬಾಡಿಯ ತುಕ್ಕು ಉಜ್ಜಿದೆ,
ಕಬ್ಬಿಣ ಬೆಳ್ಳಿ ಆಗುವ ತನಕ.
ಬೋಲ್ಟು ಬಿಗಿದು ಹೊರಬಂದಾಗ
ಬ್ಯಾಟರಿಯಲ್ಲಿ ಉಸಿರಿರಲಿಲ್ಲ.

"ಹ್ಯಾಂಡಲ್ ಇದೆ," ಅಂದರು ಟೀಚರ್. "ಸೀಟಿನ ಹಿಂದೆ.
ಹೆಬ್ಬೆರಳು ಮಡಚಿ ಹಿಡಿಯಬೇಡ. ನಾಲ್ಕು ಬೆರಳಿನ ಜೊತೆಗೇ ಇರಲಿ."
ಬಲಗೈ ಚಾಚಿ ತೋರಿಸಿದರು.
ಹೆಬ್ಬೆರಳು ಗಂಟಿನಲ್ಲಿ ಹೊರಳಿ
ಬೇರೆ ಯಾರದೋ ಕಡೆ ನೋಡುತ್ತಿತ್ತು.
"ಎಪ್ಪತ್ತೊಂದು. ಮದುವೆಗೆ ಎಂಟು ದಿನ.
ಇದೇ ಗಾಡಿ, ತಿರುಗಿ ಹೊಡೆಯಿತು.
ಸೀರೆಯ ಹಿಂದಿನ ನೆರಿಗೆ ಚಿಕ್ಕಮ್ಮನೇ ಹಿಡಿದರು."

ಬೋರ್ಡಿನ ಮೇಲೆ ಅವರ ಳಕಾರ
ಯಾವತ್ತೂ ಒಂದು ಬದಿಗೆ ವಾಲುತ್ತಿತ್ತು.
ಹಿಂದಿನ ಬೆಂಚಿನಲ್ಲಿ ನಾವು ಅದನ್ನೇ ಬರೆದು ನಗುತ್ತಿದ್ದೆವು.

ಮೂರನೆಯ ತಿರುವಿಗೆ ಹಿಡಿಯಿತು.
ಮೊದಲು ಒಂದು ಸಿಲಿಂಡರು, ಆಮೇಲೆ ಎರಡು,
ಕೆಮ್ಮಿ, ನೀಲಿ ಹೊಗೆ ಉಗುಳಿ, ನಾಲ್ಕೂ.
ಶೆಡ್ಡಿನ ತಗಡು ನಡುಗಿತು. ಬೀಡಿ ಅಂಗಡಿಯವನು ಎದ್ದು ಬಂದ.

ಬೋಯಿಕೇರಿ ಏರಿನವರೆಗೆ ಜೊತೆಗೆ ಹೋದೆ,
ದಾರಿಯುದ್ದಕ್ಕೂ ಚೋಕ್ ತಂತಿ ಹಿಡಿದುಕೊಂಡೇ:
ತಣ್ಣಗಿತ್ತು, ಜನವರಿಯ ಬೆಳಗಿನಷ್ಟು.

ಅಲ್ಲಿ ಇಳಿದೆ. ಅವರು ಮಡಿಕೇರಿಯ ಕಡೆ ಹೊರಟರು.
ಬಲಗಡೆಯ ಸಿಗ್ನಲ್ ಕೈ ಏಳುವುದಿಲ್ಲ ಇನ್ನೂ,
ಅದಕ್ಕೆ ಬೇರೆ ದಿನ ಬೇಕು.
ತಿರುವಿನಲ್ಲಿ ಕಿಟಕಿಯಿಂದ ಅವರ ಕೈ ಹೊರಬಂತು,
ಬೆರಳೆಲ್ಲ ಬಲಕ್ಕೆ,
ಹೆಬ್ಬೆರಳೊಂದು ತನ್ನ ಪಾಡಿಗೆ ಎತ್ತಲೋ.